ಕೂಲರ್ ಆರಿಸಬೇಡಿ, ಪ್ಯಾಡ್ ಆರಿಸಿ: ಮನೆಯ ರೆಕಾರ್ಡಿಂಗ್‌ಗೆ ಕೈಗೆಟುಕುವ ಡ್ರಮ್ ಪ್ಯಾಡ್

ಮೇ ತಿಂಗಳಲ್ಲಿ ಕಲಬುರಗಿಯ ಮನೆಯೊಳಗೆ ಮೈಕ್ ಇಟ್ಟು ತಬಲಾ ರೆಕಾರ್ಡ್ ಮಾಡಲು ಹೊರಟವರಿಗೆ ಎರಡೇ ದಾರಿ: ಕೂಲರ್ ಆರಿಸಿ ಬೆವರಿನಲ್ಲಿ ತೊಯ್ಯುವುದು, ಇಲ್ಲವೇ ಕೂಲರಿನ ಗೊರಗೊರವನ್ನೂ ಹಾಡಿನೊಳಗೆ ಕೂರಿಸಿಕೊಳ್ಳುವುದು. ಹೊರಗೆ 42 ಡಿಗ್ರಿ ದಾಟಿದ ಮಧ್ಯಾಹ್ನ ಮೊದಲನೆಯ ದಾರಿ ಅರ್ಧ ಹಾಡಿಗೇ ಸಾಕಾಗುತ್ತದೆ. ಜೊತೆಗೆ ಕೆಳಗೆ ಶಹಾಬಾದ್ ಕಲ್ಲಿನ ನೆಲ, ಸುತ್ತ ಬರಿಯ ಗೋಡೆ. ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ಡಗ್ಗಾದ ಒಂದು ಪೆಟ್ಟು ಕೋಣೆಯನ್ನೆಲ್ಲ ಸುತ್ತಿ ಬಂದು ಮತ್ತೆ ಮೈಕ್‌ಗೆ ಬೀಳುತ್ತದೆ. ನನ್ನನ್ನು ಡ್ರಮ್ ಪ್ಯಾಡಿನ ಕಡೆಗೆ, ಅಂದರೆ ರಬ್ಬರ್ ಚೌಕಗಳನ್ನು ತಟ್ಟಿ ಕಂಪ್ಯೂಟರಿನಲ್ಲಿ ತಾಳ ನುಡಿಸುವ ಯಂತ್ರದ ಕಡೆಗೆ, ತಿರುಗಿಸಿದ್ದು ಈ ಕೂಲರೇ. ಪ್ಯಾಡಿಗೆ ಕಿವಿಯಿಲ್ಲ. ಪಕ್ಕದ ಮನೆಯ ಕುಕ್ಕರ್ ಸೀಟಿ, ಓಣಿಯಲ್ಲಿ ಹಾಯುವ ಆಟೊ, ಯಾವುದೂ ಅದರೊಳಗೆ ಹೋಗುವುದಿಲ್ಲ.

ಮೊದಲ ಸಲ ಕೊಳ್ಳುವಾಗ ಮಾತ್ರ ನಾನು ಚೆನ್ನಾಗಿಯೇ ಎಡವಿದೆ. 64 ಚೌಕಗಳಿದ್ದ, ಮುಟ್ಟಿದರೆ ಬಣ್ಣಬಣ್ಣದ ದೀಪ ಹೊತ್ತುವ ಯಂತ್ರವೊಂದನ್ನು ತರಿಸಿದೆ. ನಮ್ಮ ಓಣಿಯ ಭಜನಾ ಮೇಳದಲ್ಲಿ ಬಹಳ ವರ್ಷ ತಬಲಾ ನುಡಿಸಿದ ಕಾಕಾ ಒಬ್ಬರಿದ್ದಾರೆ. ಅವರು ಬಂದು ಕುಳಿತು, ಹೆಡ್‌ಫೋನ್ ಹಾಕಿಕೊಂಡು, ತೋರುಬೆರಳಿನಿಂದ ಒಂದು ಚೌಕವನ್ನು ಮೆಲ್ಲಗೆ ತಟ್ಟಿದರು. ಆಮೇಲೆ ಜೋರಾಗಿ. ಮತ್ತೆ ಮೆಲ್ಲಗೆ. ಮೂರೂ ಸಲ ಒಂದೇ ಸದ್ದು. ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟು, "ತಮ್ಮಾ, ಇದಕ್ಕೆ ಒದರುವುದಷ್ಟೇ ಬರುತ್ತದೆ, ಮಾತಾಡಲು ಬರುವುದಿಲ್ಲ" ಎಂದರು. ಮುಂದೆ ನಾನು ಬರೆಯುವುದೆಲ್ಲ ಹೆಚ್ಚೂಕಡಿಮೆ ಅವರ ಆ ಮೂರು ಪೆಟ್ಟುಗಳ ಸುತ್ತಲೇ ಇದೆ.

ಮೊದಲು ತಿಳಿಯಬೇಕಾದದ್ದು: ಪ್ಯಾಡಿನೊಳಗೆ ಸದ್ದಿಲ್ಲ

ಪೆಟ್ಟಿಗೆ ಬಿಚ್ಚಿ, ಸ್ಪೀಕರ್ ತಂತಿ ಚುಚ್ಚುವ ತೂತು ಎಲ್ಲಿದೆ ಎಂದು ಹುಡುಕಿದವರನ್ನು ನಾನು ಕಂಡಿದ್ದೇನೆ. ಪ್ಯಾಡ್ ಕಂಟ್ರೋಲರ್‌ನಲ್ಲಿ ಅದು ಇರುವುದಿಲ್ಲ. ನೀವು ಚೌಕವನ್ನು ತಟ್ಟಿದಾಗ ಅದು ಕಂಪ್ಯೂಟರಿಗೆ ಎರಡು ಸಂಗತಿ ತಿಳಿಸುತ್ತದೆ: ಯಾವ ಚೌಕ, ಎಷ್ಟು ಬಲ. ಹೀಗೆ ತಿಳಿಸಲು ಬಳಸುವ ಭಾಷೆಯ ಹೆಸರು ಮಿಡಿ. ಅದು 1983ರಲ್ಲಿ ಬಂದದ್ದು, ಇಂದಿಗೂ ಕೆಲಸ ನಡೆಯುತ್ತಿರುವುದು ಅದರಲ್ಲೇ. ಪ್ರತಿ ಚೌಕಕ್ಕೆ ಒಂದು ನೋಟ್ ಸಂಖ್ಯೆ, ಪೆಟ್ಟಿನ ಬಲಕ್ಕೆ 1ರಿಂದ 127ರವರೆಗೆ ಒಂದು ಅಂಕೆ. ಬಲದ ಈ ಅಂಕೆಯನ್ನು ವೆಲಾಸಿಟಿ ಎನ್ನುತ್ತಾರೆ. ಸದ್ದು ಹೊರಡಿಸುವುದು ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್.

ಮದುವೆಯ ಆರ್ಕೆಸ್ಟ್ರಾಗಳಲ್ಲಿ ಕೋಲಿನಿಂದ ಬಾರಿಸುವ ರಿದಮ್ ಪ್ಯಾಡ್ ಬೇರೆ ಜಾತಿಯದು. ಅದರೊಳಗೇ ಸದ್ದುಗಳಿರುತ್ತವೆ, ಕಂಪ್ಯೂಟರ್ ಬೇಕಿಲ್ಲ. ವಿಚಿತ್ರವೆಂದರೆ ಆ ಮನೆತನದ ಮೂಲಪುರುಷ, 1985ರಲ್ಲಿ ರೋಲ್ಯಾಂಡ್ ಹೊರತಂದ ಆಕ್ಟಾಪ್ಯಾಡ್, ಒಳಗೆ ಸದ್ದಿಲ್ಲದ ಬರೀ ಮಿಡಿ ಯಂತ್ರವೇ ಆಗಿತ್ತು. ಈಗಿನ ರಿದಮ್ ಪ್ಯಾಡಿಗೆ ಬೆರಳು ಪ್ಯಾಡಿನ ಹಲವು ಪಟ್ಟು ಹಣ ಬೇಕು. ವೇದಿಕೆಯ ಮೇಲೆ ನುಡಿಸುವ ಕೆಲಸವಿದ್ದರೆ ಅದನ್ನೇ ಕೊಳ್ಳಿ, ಬಾಡಿಗೆಯಿಂದ ಹಣ ಹಿಂತಿರುಗುತ್ತದೆ. ಮನೆಯಲ್ಲಿ ಕುಳಿತು ಹಾಡು ಕಟ್ಟುವವರಿಗೆ ಅಷ್ಟು ಖರ್ಚು ಬೇಡ.

ಬೆರಳೋ, ಕೋಲೋ?

ಚಿಕ್ಕ ಚೌಕಗಳಿರುವ ಅಗ್ಗದ ಪ್ಯಾಡುಗಳೆಲ್ಲ ಬೆರಳಿಗಾಗಿ ಮಾಡಿದವು. ರಬ್ಬರಿನ ಕೆಳಗೆ ಒತ್ತಡವನ್ನು ಅಳೆಯುವ ತೆಳ್ಳನೆಯ ಹಾಳೆ ಇರುತ್ತದೆ. ಕೋಲಿನಿಂದ ಹೊಡೆದರೆ ಆ ಹಾಳೆ ಬೇಗ ಹಾಳಾಗುತ್ತದೆ. ಕೋಲಿಗಾಗಿ ಮಾಡಿದ ಪ್ಯಾಡುಗಳಲ್ಲಿ ಸಾಮಾನ್ಯವಾಗಿ ಅದುರುವಿಕೆಯನ್ನು ಹಿಡಿಯುವ ಪೀಜೋ ಬಿಲ್ಲೆ ಇರುತ್ತದೆ. ಅದಕ್ಕೆ ಬೆರಳಿನ ಮೆಲುಪೆಟ್ಟು ಸರಿಯಾಗಿ ಕೇಳಿಸದಿರಬಹುದು.

ತಬಲಾ, ಢೋಲಕಿಯ ಕೈ ಇದ್ದವರಿಗೆ ಬೆರಳು ಪ್ಯಾಡೇ ಸರಿ. ಡೊಳ್ಳು, ಹಲಗೆ ಬಾರಿಸುವವರು ಮೊದಮೊದಲು ಗೊಣಗುತ್ತಾರೆ, ಎರಡು ವಾರ ಕಳೆದರೆ ಒಗ್ಗಿಕೊಳ್ಳುತ್ತಾರೆ.

ಮೆಲ್ಲನೆಯ ಪೆಟ್ಟು ಕೇಳಿಸುತ್ತದೆಯೇ?

ಹಣ ಕೊಡುವ ಮೊದಲು ನೋಡಬೇಕಾದ ಸಂಗತಿಗಳಲ್ಲಿ ಇದೇ ಹಿರಿಯದು. ದೀಪ, ಗುಂಡಿ, ಜೊತೆಗೆ ಕೊಡುವ ಸಾಫ್ಟ್‌ವೇರಿನ ಪಟ್ಟಿ ಎಲ್ಲ ಇದರ ಹಿಂದೆ.

ಮೊದಲನೆಯದಾಗಿ, ವಿವರಣೆಯಲ್ಲಿ 'ವೆಲಾಸಿಟಿ ಸೆನ್ಸಿಟಿವ್' ಎಂದು ಬರೆದಿರಬೇಕು. ಬರೆದಿಲ್ಲವೆಂದರೆ ಇಲ್ಲವೆಂದೇ ತಿಳಿಯಿರಿ. ಇದ್ದುದನ್ನು ಮುಚ್ಚಿಡುವ ಮಾರಾಟಗಾರ ಇನ್ನೂ ಹುಟ್ಟಿಲ್ಲ. ಲೂಪ್‌ಗಳನ್ನು, ಅಂದರೆ ಸುತ್ತಿ ಸುತ್ತಿ ನುಡಿಯುವ ಸಂಗೀತದ ತುಣುಕುಗಳನ್ನು, ಹಾಕಿ ತೆಗೆಯಲೆಂದೇ ಮಾಡಿದ ಹಲವು ದೀಪದ ಯಂತ್ರಗಳಲ್ಲಿ ಈ ಗುಣ ಇರುವುದಿಲ್ಲ. ಆ ಕೆಲಸಕ್ಕೆ ಅವು ಒಳ್ಳೆಯವೇ, ತಾಳ ನುಡಿಸುವ ಕೆಲಸಕ್ಕೆ ಅಲ್ಲ. ನನ್ನ 64 ಚೌಕಗಳ ಯಂತ್ರ ಅಂಥದ್ದು.

ಎರಡನೆಯದಾಗಿ, ಬರೆದಿದ್ದರೂ ನಂಬಬಾರದು. ಕೆಲವು ಪ್ಯಾಡುಗಳಲ್ಲಿ ಅಂಕೆ 1ರಿಂದ 127ರವರೆಗೆ ಹೋಗುತ್ತದೆಂದು ಹೇಳಿದ್ದರೂ ಬೆರಳಿಗೆ ಸಿಗುವುದು ಎರಡೇ ಮೆಟ್ಟಿಲು: ಒಂದೋ ಏನೂ ಇಲ್ಲ, ಇಲ್ಲವೇ 100ರ ಮೇಲೆ. ಇದನ್ನು ಕಣ್ಣಾರೆ ಕಂಡುಕೊಳ್ಳಲು ಅಂಗಡಿಗೆ ಲ್ಯಾಪ್‌ಟಾಪ್ ಒಯ್ಯಿರಿ. ವಿಂಡೋಸ್‌ನಲ್ಲಿ ಮಿಡಿ-ಆಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ತೆರೆದಿಟ್ಟು ತಟ್ಟಿದರೆ ಪ್ರತಿ ಪೆಟ್ಟಿನ ಅಂಕೆ ಪರದೆಯ ಮೇಲೆ ಸಾಲಾಗಿ ಬೀಳುತ್ತದೆ. ಒಂದೇ ಚೌಕದ ಮೇಲೆ ಬೆರಳಿನ ತುದಿಯಿಂದ, ಮಲಗಿದ ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ, ಹತ್ತು ಸಲ ತಟ್ಟಿ. 20ರಿಂದ 45ರ ನಡುವೆ ಅಂಕೆಗಳು ಬಂದರೆ ಒಳ್ಳೆಯದು. ಹತ್ತರಲ್ಲಿ ನಾಲ್ಕು ಪೆಟ್ಟು ಕಾಣೆಯಾದರೆ ಬೇಡ. ಆಮೇಲೆ ನಿಧಾನವಾಗಿ ಬಲ ಹೆಚ್ಚಿಸುತ್ತ ಹೋಗಿ. ಅಂಕೆಗಳು ಮೆಟ್ಟಿಲು ಹತ್ತಬೇಕು, ಜಿಗಿಯಬಾರದು.

ಪರೀಕ್ಷಿಸುವಾಗ ಒಂದು ಎಚ್ಚರ. ಬಹಳಷ್ಟು ಪ್ಯಾಡುಗಳಲ್ಲಿ 'ಫುಲ್ ಲೆವೆಲ್' ಎಂಬ ಗುಂಡಿ ಇರುತ್ತದೆ. ಅದು ಒತ್ತಿದ ಸ್ಥಿತಿಯಲ್ಲಿದ್ದರೆ ಎಲ್ಲ ಪೆಟ್ಟೂ 127 ಆಗಿಯೇ ಹೋಗುತ್ತದೆ. ಒಳ್ಳೆಯ ಪ್ಯಾಡನ್ನು ಕೆಟ್ಟದ್ದೆಂದು ಬೈದು ವಾಪಸ್ ಕಳುಹಿಸುವ ಮೊದಲು ಆ ಗುಂಡಿ ನೋಡಿಕೊಳ್ಳಿ.

ಮೂರನೆಯದು ಎರಡು ರೋಗಗಳ ತಪಾಸಣೆ. ಒಂದು ಚೌಕವನ್ನು ಜೋರಾಗಿ ಹೊಡೆದಾಗ ಪಕ್ಕದ ಚೌಕದ ನೋಟೂ ಪರದೆಯ ಮೇಲೆ ಬಂದರೆ ಅದು ಮೊದಲ ರೋಗ. ಒಂದೇ ಪೆಟ್ಟಿಗೆ ಎರಡು ನೋಟ್ ಬಿದ್ದರೆ ಎರಡನೆಯದು. ಎರಡಕ್ಕೂ ಸೆಟ್ಟಿಂಗ್‌ನಲ್ಲಿ ಸ್ವಲ್ಪ ಮದ್ದಿದೆ, ಆದರೆ ಹೊಸದರಲ್ಲೇ ಹೀಗಿದ್ದರೆ ಮುಂದೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಎಷ್ಟು ಚೌಕ ಬೇಕು?

ಪಾಶ್ಚಾತ್ಯ ಡ್ರಮ್ ಸೆಟ್ ನುಡಿಸುವವರು ಹದಿನಾರು ಚೌಕದ್ದನ್ನೇ ತೆಗೆದುಕೊಳ್ಳಲಿ. ಕಿಕ್, ಸ್ನೇರ್, ಮುಚ್ಚಿದ ಮತ್ತು ತೆರೆದ ಹೈ-ಹ್ಯಾಟ್, ಮೂರು ಟಾಮ್, ಎರಡು ಸಿಂಬಲ್ ಎನ್ನುವಷ್ಟರಲ್ಲಿ ಎಂಟು ಮೀರುತ್ತದೆ. ನಾಲ್ಕು ಸಾಲು, ನಾಲ್ಕು ಕಂಬದ ಈ ಚೌಕಟ್ಟನ್ನು ರೂಢಿಗೆ ತಂದದ್ದು ರೋಜರ್ ಲಿನ್ ವಿನ್ಯಾಸ ಮಾಡಿದ ಅಕಾಯ್ ಎಂಪಿಸಿ 60 ಎಂಬ ತಾಳಯಂತ್ರ; ಅದು ಬಂದದ್ದು 1988ರಲ್ಲಿ.

ಭಜನೆ, ತತ್ವಪದ, ಜಾನಪದಕ್ಕೆ ಲೆಕ್ಕವೇ ಬೇರೆ. ಕಹರವಾ ತಾಳ ತೆಗೆದುಕೊಳ್ಳಿ: ಧಾ ಗೆ ನ ತಿ, ನ ಕ ಧಿ ನ. ಎಂಟು ಮಾತ್ರೆ. ಬಿಚ್ಚಿ ನೋಡಿದರೆ ಮೂಲ ಪೆಟ್ಟುಗಳು ನಾಲ್ಕೇ: ಡಗ್ಗಾದ ತೆರೆದ 'ಗೆ', ಮುಚ್ಚಿದ 'ಕ', ಬಲಗೈ ತಬಲಾದ 'ನ' ಮತ್ತು 'ತಿ'. ಧಾ ಎಂದರೆ 'ಗೆ', 'ನ' ಒಟ್ಟಿಗೆ. ಧಿ ಎಂದರೆ 'ಗೆ', 'ತಿ' ಒಟ್ಟಿಗೆ. ಎಡಗೈ ಕೆಳಗೆ ಎರಡು ಚೌಕ, ಬಲಗೈ ಕೆಳಗೆ ಎರಡು ಚೌಕ, ಠೇಕಾ (ತಾಳದ ಮೂಲ ನುಡಿಕೆ) ಸಿದ್ಧ. ಉಳಿದ ನಾಲ್ಕರಲ್ಲಿ ತಾಳ, ಗೆಜ್ಜೆ, ಹಲಗೆಯ ಎರಡು ಪೆಟ್ಟು. ಎಂಟು ಚೌಕದಲ್ಲಿ ಒಂದು ಭಜನಾ ಮೇಳ ಕುಳಿತುಕೊಳ್ಳುತ್ತದೆ.

'ಧಾ'ಗೆಂದೇ ಒಂದು ಚೌಕ ಮೀಸಲಿಡುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಬೇಡಿ. ಎರಡು ಚೌಕವನ್ನು ಒಟ್ಟಿಗೆ ತಟ್ಟಿದಾಗ ಡಗ್ಗಾಕ್ಕೆ ಭಾರ ಕೊಟ್ಟು ತಬಲಾವನ್ನು ಹಗುರ ಮಾಡಬಹುದು, ಅಥವಾ ತಿರುಗುಮುರುಗು. ಒಂದೇ ಚೌಕದ ಸಿದ್ಧ 'ಧಾ'ದಲ್ಲಿ ಆ ಸ್ವಾತಂತ್ರ್ಯ ಹೋಗುತ್ತದೆ. ಇನ್ನೊಂದು ಮಾತು: 'ಕ' ತಟ್ಟಿದ ಕೂಡಲೇ 'ಗೆ'ಯ ಗುಂಯ್ ಎನ್ನುವ ಬಾಲ ಕತ್ತರಿಸಿ ಹೋಗಬೇಕು, ನಿಜವಾದ ಡಗ್ಗಾದ ಮೇಲೆ ಅಂಗೈ ಇಟ್ಟಂತೆ. ಇದಕ್ಕೆ ರೆಕಾರ್ಡ್ ಮಾಡಿದ ತುಣುಕುಗಳನ್ನು ಚೌಕಗಳಿಗೆ ಜೋಡಿಸುವ ಸಾಫ್ಟ್‌ವೇರ್ ಆದ ಸ್ಯಾಂಪ್ಲರ್‌ನಲ್ಲಿ 'ಚೋಕ್ ಗ್ರೂಪ್' ಅಥವಾ 'ಮ್ಯೂಟ್ ಗ್ರೂಪ್' ಎಂಬ ಸೌಲಭ್ಯ ಇರುತ್ತದೆ. ಎರಡನ್ನೂ ಒಂದೇ ಗುಂಪಿಗೆ ಹಾಕಿ.

ಡಗ್ಗಾದ ಮೇಲೆ ಮಣಿಕಟ್ಟು ಒತ್ತಿ ಜಾರಿಸುವಾಗ ಬರುವ ಏರಿಳಿತ ಮಾತ್ರ ಈ ಬೆಲೆಯ ಪ್ಯಾಡಿನಲ್ಲಿ ಬರುವುದಿಲ್ಲ. ಅದು ಬೇಕಾದ ಹಾಡಿಗೆ ನಾನು ಕಾಕಾರನ್ನೇ ಕರೆಯುತ್ತೇನೆ, ಕೂಲರ್ ಆರಿಸುತ್ತೇನೆ.

ಹಣದ ಲೆಕ್ಕ, ಕೆಲವು ಹೆಸರುಗಳು

ಬೆರಳು ಪ್ಯಾಡಿಗೆ ಐದರಿಂದ ಹನ್ನೆರಡು ಸಾವಿರ ರೂಪಾಯಿ ಎತ್ತಿಡಿ. ಅಕಾಯ್ ಎಲ್‌ಪಿಡಿ 8ರಲ್ಲಿ ಎಂಟು ಚೌಕ, ಎಂಟು ತಿರುಗು ಗುಂಡಿ. ಶಾಲೆಯ ಚೀಲದಲ್ಲಿ ಪುಸ್ತಕದ ಪಕ್ಕ ಕೂರುವಷ್ಟು ಚಿಕ್ಕದು. ಅದೇ ಕಂಪನಿಯ ಎಂಪಿಡಿ 218ರಲ್ಲಿ ದಪ್ಪ ರಬ್ಬರಿನ ಹದಿನಾರು ಚೌಕ, ಗುಂಡಿ ಒತ್ತಿ ಬದಲಿಸುವ ಮೂರು ಜೋಡಣೆ (ಬ್ಯಾಂಕ್) ಸೇರಿ 48. ಕೋರ್ಗ್ ನ್ಯಾನೋಪ್ಯಾಡ್ 2ರಲ್ಲಿ ಹದಿನಾರು ಚೌಕ ಎರಡು ಉದ್ದ ಸಾಲುಗಳಲ್ಲಿವೆ, ಪಕ್ಕದಲ್ಲೊಂದು ಸ್ಪರ್ಶಫಲಕ. ಎರಡು ಕೈ ಅಗಲಿಸಿ ತಬಲಾ ಜೋಡಿಯಂತೆ ನುಡಿಸಲು ಈ ಉದ್ದ ಸಾಲು ಅನುಕೂಲ. ಪೇಟಿಯ (ಹಾರ್ಮೋನಿಯಂ) ಸ್ವರವನ್ನೂ ನೀವೇ ನುಡಿಸುವುದಾದರೆ 25 ಕೀಲಿಯ ಜೊತೆಗೆ ಎಂಟು ಚೌಕವಿರುವ ಎಂಪಿಕೆ ಮಿನಿಯಂಥದ್ದು ಒಂದೇ ಖರ್ಚಿನಲ್ಲಿ ಎರಡು ಕೆಲಸ ಮಾಡುತ್ತದೆ. ಆದರೆ ಅಲ್ಲಿ ಚೌಕಗಳು ಮೂಲೆಗೆ ಸರಿದಿರುತ್ತವೆ, ಎರಡೂ ಕೈ ಇಟ್ಟು ವೇಗವಾಗಿ ನುಡಿಸುವುದು ಇಕ್ಕಟ್ಟು.

ನನ್ನ ಆಯ್ಕೆ ಕೇಳಿದರೆ: ಹಣ ಸಾಲುವುದಾದರೆ ಹದಿನಾರು ದಪ್ಪ ಚೌಕ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಅಂಗಡಿಯಲ್ಲಿ ತಟ್ಟಿ ನೋಡಲು ಹೈದರಾಬಾದ್‌ವರೆಗೆ ಹೋಗುವವರಿದ್ದಾರೆ. ಹೋಗಲಾಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ, ಆದರೆ ವಾಪಸ್ ಪಡೆಯುವ ಅವಧಿ ಎಷ್ಟು ದಿನ, ವಾಪಸ್ ಎಂದರೆ ಹಣವೋ ಬದಲಿ ವಸ್ತುವೋ ಎಂದು ಮೊದಲೇ ಓದಿಕೊಳ್ಳಿ. ಪೆಟ್ಟಿಗೆ ಬಂದ ದಿನವೇ ಮೇಲಿನ ಪರೀಕ್ಷೆ ಮಾಡಿ ಮುಗಿಸಿ. ಹಬ್ಬ ಮುಗಿಯಲಿ, ಮದುವೆ ಮುಗಿಯಲಿ ಎಂದರೆ ಅವಧಿ ಮುಗಿದಿರುತ್ತದೆ. ಹಳೆಯದನ್ನು ಕೊಳ್ಳುವಾಗ ಎಲ್ಲ ಚೌಕಗಳನ್ನೂ ಒಂದೊಂದಾಗಿ, ನಾಲ್ಕೂ ಮೂಲೆಗಳಲ್ಲಿ ತಟ್ಟಿ ನೋಡಿ. ಅದರ ಜೊತೆ ಬಂದಿದ್ದ ಸಾಫ್ಟ್‌ವೇರ್ ಹಳೆಯ ಮಾಲೀಕರ ಹೆಸರಿನಲ್ಲಿ ಆಗಲೇ ನೋಂದಣಿಯಾಗಿರುತ್ತದೆ, ಅದನ್ನು ಬೆಲೆಯಲ್ಲಿ ಸೇರಿಸಿಕೊಳ್ಳಬೇಡಿ.

ತಂತಿ, ಮೊಬೈಲ್, ಕರೆಂಟ್

ಈ ಪ್ಯಾಡುಗಳು ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುತ್ತವೆ. ಹೀಗಾಗಿ ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವವರೆಗೆ ಕೆಲಸ ನಿಲ್ಲುವುದಿಲ್ಲ. ಆದರೆ ಬ್ಯಾಟರಿಗೆ ಬಂದ ಕೂಡಲೇ ಲ್ಯಾಪ್‌ಟಾಪ್ ತನ್ನ ವೇಗ ಇಳಿಸಿಕೊಳ್ಳುತ್ತದೆ, ಸದ್ದು ಪಟಪಟ ಒಡೆಯಲು ಶುರುವಾಗುತ್ತದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಹೆಚ್ಚಿನ ಕಾರ್ಯಕ್ಷಮತೆಯ ಆಯ್ಕೆಯನ್ನು ಬ್ಯಾಟರಿಗೂ ಹಾಕಿಟ್ಟರೆ ಇದು ಬಹಳಮಟ್ಟಿಗೆ ತಪ್ಪುತ್ತದೆ.

ಪ್ಯಾಡ್ ಕಂಪ್ಯೂಟರಿಗೆ ಕಾಣದಿದ್ದರೆ ಮೊದಲು ತಂತಿ ಬದಲಿಸಿ. ಮೊಬೈಲ್ ಚಾರ್ಜರ್ ಜೊತೆ ಬರುವ ಕೆಲವು ತಂತಿಗಳಲ್ಲಿ ವಿದ್ಯುತ್ ಮಾತ್ರ ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ. ದೀಪ ಹೊತ್ತಿದರೂ ಪ್ಯಾಡ್ ಸುಮ್ಮನೆ ಕೂತಿರುತ್ತದೆ.

ಕಂಪ್ಯೂಟರ್ ಇಲ್ಲದವರು ಒಟಿಜಿ ತಂತಿ ಹಾಕಿ ಆಂಡ್ರಾಯ್ಡ್ ಮೊಬೈಲಿಗೂ ಜೋಡಿಸಬಹುದು. 2015ರ ಆಂಡ್ರಾಯ್ಡ್ 6ರಿಂದ ಈಚೆಗೆ ಮಿಡಿ ಅದರಲ್ಲೇ ಇದೆ. ಅಭ್ಯಾಸಕ್ಕೆ ಸಾಕು. ರೆಕಾರ್ಡಿಂಗ್‌ಗೆ ಹಲವು ಮೊಬೈಲುಗಳಲ್ಲಿ ಸದ್ದು ತಡವಾಗಿ ಬರುವ ಕಾಟ ಇರುತ್ತದೆ, ಹಾಗಾಗಿ ನಾನು ಶಿಫಾರಸು ಮಾಡುವುದಿಲ್ಲ.

ತಡವನ್ನು ಕಳೆಯುವುದು

ಪೆಟ್ಟಿಗೂ ಸದ್ದಿಗೂ ನಡುವಿನ ವಿಳಂಬವನ್ನು ಲೇಟೆನ್ಸಿ ಎನ್ನುತ್ತಾರೆ. ಪ್ಯಾಡ್ ಕೊಂಡು ಒಂದೇ ವಾರದಲ್ಲಿ ಅಟ್ಟಕ್ಕೆ ಹಾಕಿದವರಲ್ಲಿ ಹೆಚ್ಚಿನವರು ಸೋತದ್ದು ಇಲ್ಲಿ, ಮತ್ತು ತಪ್ಪು ಪ್ಯಾಡಿನದಲ್ಲ.

ಕಂಪ್ಯೂಟರ್ ಸದ್ದನ್ನು ಸಣ್ಣ ಸಣ್ಣ ಕಂತೆಗಳಲ್ಲಿ ಹೊರಗೆ ಕಳುಹಿಸುತ್ತದೆ. ಕಂತೆಯ ಗಾತ್ರಕ್ಕೆ ಬಫರ್ ಎಂದು ಹೆಸರು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಲೆಕ್ಕದಲ್ಲಿ 1024ರ ಬಫರ್ ಎಂದರೆ ಸುಮಾರು 23 ಮಿಲಿಸೆಕೆಂಡ್, 256 ಎಂದರೆ 6ಕ್ಕೆ ತುಸು ಕಡಿಮೆ, 128 ಎಂದರೆ 3ಕ್ಕೆ ತುಸು ಕಡಿಮೆ. ಇದರ ಮೇಲೆ ಡ್ರೈವರಿನ ಮತ್ತು ಸೌಂಡ್ ಕಾರ್ಡಿನ ಪಾಲು ಬೇರೆ. ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಭಜನೆಯಲ್ಲಿ ಮೂರು ಮೀಟರ್ ಆಚೆ ಕುಳಿತವರ ತಾಳ ನಿಮಗೆ 9 ಮಿಲಿಸೆಕೆಂಡ್ ತಡವಾಗಿಯೇ ಕೇಳಿಸುತ್ತದೆ, ಯಾರಿಗೂ ತೊಂದರೆಯಾಗುವುದಿಲ್ಲ. ಹಾಗಾಗಿ ಒಟ್ಟು ತಡ ಹತ್ತರ ಆಸುಪಾಸು ಇದ್ದರೆ ಕೈ ಒಪ್ಪಿಕೊಳ್ಳುತ್ತದೆ. ಮೂವತ್ತು ದಾಟಿದರೆ ನಿಮ್ಮ ಕೈಯೇ ನಿಮಗೆ ಬೇತಾಳವಾಗಿ ಕಾಣುತ್ತದೆ.

ಮೈಕ್‌ಗಾಗಿ ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ಅದರದ್ದೇ ಎಎಸ್‌ಐಒ ಡ್ರೈವರ್ (ಸದ್ದಿನ ತಡವನ್ನು ತಗ್ಗಿಸುವ ತಂತ್ರಾಂಶ) ಹಾಕಿ. ಇಲ್ಲದಿದ್ದರೆ ಎಎಸ್‌ಐಒ4ಆಲ್ ಎಂಬ ಉಚಿತ ಡ್ರೈವರ್ ಹಾಕಿ, ಹೆಡ್‌ಫೋನನ್ನು ಲ್ಯಾಪ್‌ಟಾಪಿಗೇ ಚುಚ್ಚಿ. ಬಫರ್ 256ರಿಂದ ಆರಂಭಿಸಿ. ಸದ್ದು ಒಡೆಯದಿದ್ದರೆ 128ಕ್ಕೆ ಇಳಿಸಿ ನೋಡಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಎಂದಿಗೂ ಬೇಡ. ಅದರ ತಡ ನೂರು ಮಿಲಿಸೆಕೆಂಡನ್ನೂ ದಾಟುವುದು ಸಾಮಾನ್ಯ, ಯಾವ ಬಫರೂ ಅದನ್ನು ಸರಿಪಡಿಸಲಾರದು.

ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ನಾನು ಬಳಸುವುದು ರೀಪರ್. 60 ದಿನ ಉಚಿತವಾಗಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಪರವಾನಗಿಗೆ 60 ಡಾಲರ್. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ.

ನೋಟ್ ಹೊಂದಿಸುವುದು, ಕೈಗೆ ಹೊಂದಿಸುವುದು

ಮಿಡಿಯ ಡ್ರಮ್ ನಕ್ಷೆಯಲ್ಲಿ 36 ಕಿಕ್, 38 ಸ್ನೇರ್, 42 ಮುಚ್ಚಿದ ಹೈ-ಹ್ಯಾಟ್, 46 ತೆರೆದದ್ದು. ಡ್ರಮ್ ಚಾನೆಲ್ ಎಂದರೆ 10. ಸಂಖ್ಯೆಯನ್ನೇ ನೋಡಿ, ಸ್ವರದ ಹೆಸರನ್ನಲ್ಲ; 36ನ್ನು ಒಂದು ಸಾಫ್ಟ್‌ವೇರ್ ಸಿ1 ಎಂದರೆ ಇನ್ನೊಂದು ಸಿ2 ಎನ್ನುತ್ತದೆ. ಈ ಗೊಂದಲದಲ್ಲಿ ನಾನೊಂದು ಭಾನುವಾರವನ್ನೇ ಕಳೆದುಕೊಂಡಿದ್ದೇನೆ.

ಆಮೇಲೆ ವೆಲಾಸಿಟಿ ಕರ್ವ್, ಅಂದರೆ ಎಷ್ಟು ಬಲಕ್ಕೆ ಎಷ್ಟು ಅಂಕೆ ಎಂಬ ಹೊಂದಾಣಿಕೆ. ಪ್ಯಾಡಿನ ಸೆಟ್ಟಿಂಗ್ ಬದಲಿಸುವ ಸಾಫ್ಟ್‌ವೇರ್ ಆದ ಎಡಿಟರ್‌ನಲ್ಲಿ ಅಥವಾ ಅದರ ಗುಂಡಿಗಳಲ್ಲೇ ಇದು ಸಿಗುತ್ತದೆ. ಮೆಲ್ಲನೆಯ ಪೆಟ್ಟು 40ರ ಕೆಳಗೆ, ಸಹಜ ಪೆಟ್ಟು 60ರಿಂದ 85, ಸಮ್‌ನ (ತಾಳದ ಆವರ್ತದ ಮೊದಲ ಮಾತ್ರೆಯ) ಪೆಟ್ಟು 110ರ ಮೇಲೆ ಬರುವಂತೆ ಕರ್ವ್ ಆರಿಸಿ. ಬೆರಳು ನೋಯುವಷ್ಟು ಬಲ ಹಾಕಿದರೂ 90 ದಾಟದಿದ್ದರೆ ಕರ್ವ್ ತಪ್ಪಾಗಿದೆ, ನಿಮ್ಮ ಬೆರಳು ಸರಿಯಾಗಿಯೇ ಇದೆ.

ಪ್ಯಾಡಿನ ಕೆಳಗೆ ಏನಿದೆ ಎಂಬುದೂ ಮುಖ್ಯ. ಬರಿಯ ಕಲ್ಲಿನ ಕಟ್ಟೆಯ ಮೇಲೆ ಜಾರುತ್ತದೆ, ಕಬ್ಬಿಣದ ಮೇಜಿನ ಮೇಲೆ ಗದಗದ ಎನ್ನುತ್ತದೆ. ಅವ್ವ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಮೇಲೊಂದು ಮರದ ಹಲಗೆ ಇಟ್ಟು, ಅದರ ಮೇಲೆ ಪ್ಯಾಡ್ ಇಡುತ್ತೇನೆ. ಕೌದಿಯ ಮೇಲೆ ನೇರವಾಗಿ ಇಟ್ಟರೆ ಮೆಲುಪೆಟ್ಟನ್ನೆಲ್ಲ ಅದೇ ನುಂಗಿಬಿಡುತ್ತದೆ.

ಸದ್ದು ಎಲ್ಲಿಂದ ತರುವುದು?

ಪಾಶ್ಚಾತ್ಯ ಸೆಟ್ಟಿಗೆ ಎಂಟಿ ಪವರ್ ಡ್ರಮ್ ಕಿಟ್ ಎಂಬ ಉಚಿತ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಸೇರಿಸುವ ಸದ್ದಿನ ತಂತ್ರಾಂಶ) ಸಾಕು. ನಮ್ಮ ವಾದ್ಯಗಳಿಗೆ ಬಂದರೆ, ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಮೊಳಗುವ ಹಲಗೆಯ ಸದ್ದು ಯಾವ ಪ್ಲಗಿನ್‌ನಲ್ಲೂ ನನಗೆ ಮನಸ್ಸಿಗೆ ಹಿಡಿಸಲಿಲ್ಲ. ನೀವೇ ಮಾಡಿಕೊಳ್ಳಿ, ಒಂದೇ ಒಂದು ಬೆಳಗ್ಗೆ ಕೂಲರ್ ಆರಿಸಿದರೆ ಇಡೀ ಬೇಸಿಗೆಗೆ ಸಾಕು.

ಬೆಳಗಿನ ಐದಕ್ಕೆ, ಓಣಿ ಏಳುವ ಮೊದಲು, ಕೋಣೆಯ ಎರಡು ಗೋಡೆಗೆ ಕೌದಿ ಇಳಿಬಿಡಿ. ಮೈಕ್ ಅಥವಾ ಮೊಬೈಲನ್ನು ವಾದ್ಯದಿಂದ ಒಂದೂವರೆ ಗೇಣು ದೂರ ಇಡಿ. ಪ್ರತಿ ಬೋಲನ್ನು, ಅಂದರೆ ಗೆ, ಕ, ನ ಮುಂತಾದ ಪ್ರತಿ ಪೆಟ್ಟನ್ನು, ಮೆಲ್ಲಗೆ, ಸಹಜವಾಗಿ, ಜೋರಾಗಿ ನುಡಿಸಿ, ಒಂದೊಂದು ಬಗೆಯನ್ನೂ ನಾಲ್ಕು ಸಲ. ಪೆಟ್ಟಿನ ಬಾಲ ಪೂರ್ತಿ ಆರುವವರೆಗೆ ಯಾರೂ ಅಲುಗಾಡಬಾರದು. ಹಲಗೆಯಾದರೆ ಬೆಂಕಿಗೆ ಕಾಯಿಸಿ ತಂದ ಕೂಡಲೇ ಎಲ್ಲ ಪೆಟ್ಟುಗಳನ್ನೂ ಒಂದೇ ಉಸಿರಿನಲ್ಲಿ ಮುಗಿಸಿ. ಚರ್ಮ ತಣಿದಂತೆ ಸ್ವರ ಇಳಿಯುತ್ತದೆ. ಅರ್ಧ ಈಗ, ಅರ್ಧ ಚಹಾ ಕುಡಿದ ಮೇಲೆ ಎಂದರೆ ಎರಡು ಬೇರೆ ಹಲಗೆಗಳ ಸದ್ದು ಬಂದಿರುತ್ತದೆ.

ಆಮೇಲೆ ಕತ್ತರಿಸುವ ಕೆಲಸ. ಪ್ರತಿ ತುಣುಕಿನ ಆರಂಭದ ಮೌನವನ್ನು ಪೆಟ್ಟಿನ ಅಂಚಿನವರೆಗೆ ಕತ್ತರಿಸಿ. ಅಲ್ಲಿ 30 ಮಿಲಿಸೆಕೆಂಡ್ ಮೌನ ಉಳಿದರೆ ನೀವು ಬಫರಿನಲ್ಲಿ ಉಳಿಸಿದ್ದೆಲ್ಲ ಇಲ್ಲಿ ಸೋರಿಹೋಗುತ್ತದೆ. ಸ್ಯಾಂಪ್ಲರ್‌ನಲ್ಲಿ 1ರಿಂದ 50ರ ವೆಲಾಸಿಟಿಗೆ ಮೆಲುಪೆಟ್ಟಿನ ತುಣುಕು, 51ರಿಂದ 95ಕ್ಕೆ ಸಹಜದ್ದು, ಅದರ ಮೇಲೆ ಜೋರಿನದು. ನಾಲ್ಕು ತುಣುಕುಗಳನ್ನು ಸರದಿಯಂತೆ ನುಡಿಸುವ ಆಯ್ಕೆ ಇದ್ದರೆ ಹಾಕಿ. ಒಂದೇ ತುಣುಕು ಎಂಟು ಸಲ ಮರಳಿದರೆ ಕಿವಿ ತಕ್ಷಣ ಹಿಡಿಯುತ್ತದೆ.

ರೆಕಾರ್ಡಿಂಗ್‌ನ ದಿನ

ಸಿನಿಮಾ ಶೈಲಿಯ ಹಾಡಾದರೆ ಕ್ಲಿಕ್ (ಲಯ ತೋರುವ ಟಕಟಕ ಸದ್ದು) ಹಾಕಿಕೊಂಡು ಮೊದಲು ತಾಳ, ಆಮೇಲೆ ದನಿ. ತತ್ವಪದಕ್ಕೆ ಇದು ತಿರುಗುಮುರುಗಾಗಬೇಕು. ಹಾಡುಗಾರರು ಪಲ್ಲವಿಯನ್ನು ಎಳೆದು, ನುಡಿಯಲ್ಲಿ ಓಡಿ, ಮತ್ತೆ ಪಲ್ಲವಿಗೆ ನಿಧಾನವಾಗುತ್ತಾರೆ. ಕ್ಲಿಕ್ ಹಾಕಿದರೆ ಪದ ಸಾಯುತ್ತದೆ. ತಂಬೂರಿಯ ಜೊತೆ ದನಿಯನ್ನು ಮೊದಲು ಹಿಡಿದು, ಅದನ್ನು ಕೇಳುತ್ತ ಪ್ಯಾಡ್ ನುಡಿಸಿ.

ತಪ್ಪಿದ ಪೆಟ್ಟನ್ನು ಎಳೆದು ಸರಿಪಡಿಸಬಹುದೆಂಬುದು ಮಿಡಿಯ ದೊಡ್ಡ ಉಪಕಾರ, ಅದೇ ದೊಡ್ಡ ಅಪಾಯವೂ ಹೌದು. ಕ್ವಾಂಟೈಸ್ ಗುಂಡಿ ಒತ್ತಿ ಎಲ್ಲವನ್ನೂ ನೂರಕ್ಕೆ ನೂರು ಗೆರೆಗೆ ಕೂರಿಸಿದರೆ ಗಿರಣಿಯ ಸದ್ದಾಗುತ್ತದೆ. ಕ್ಲಿಕ್ ಹಾಕಿ ನುಡಿಸಿದ ಹಾಡಿಗೂ ನಾನು 50 ಪ್ರತಿಶತಕ್ಕಿಂತ ಮೇಲೆ ಹೋಗುವುದಿಲ್ಲ. ನಾನು ಕಹರವಾ ರೆಕಾರ್ಡ್ ಮಾಡಿ ಅಂಕೆಗಳನ್ನು ತೆರೆದು ನೋಡಿದಾಗ ಮೊದಲ 'ಧಾ' 118, ಕೊನೆಯ 'ನ' 52, ನಡುವಿನ 'ಕ' 31. ಅದೇ ಠೇಕಾವನ್ನು ಎಲ್ಲ ಪೆಟ್ಟಿಗೂ 100 ಮಾಡಿ ಕಾಕಾರಿಗೆ ಕೇಳಿಸಿದೆ. ಅವರು ಏನೂ ಹೇಳಲಿಲ್ಲ, ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟರು.

ಬಿಸಿಲು ಮತ್ತು ಧೂಳು

ರಬ್ಬರಿಗೆ ನಮ್ಮ ಬಿಸಿಲು ಆಗಿಬರುವುದಿಲ್ಲ. ಪಡುವಣ ಕಿಟಕಿಯ ಬಳಿ ಇಟ್ಟರೆ ಎರಡು ಬೇಸಿಗೆಯಲ್ಲಿ ಅಂಟಂಟಾಗುತ್ತದೆ. ಕೂಲರಿನ ಮುಂದೆಯೂ ಬೇಡ, ಅದರ ಗಾಳಿಯಲ್ಲಿ ತೇವವಿರುತ್ತದೆ. ಕೆಲಸ ಮುಗಿದ ಮೇಲೆ ಹಳೆಯ ಧೋತರದ ತುಂಡು ಹೊದಿಸಿ. ಒರೆಸಲು ನೀರು ಹಿಂಡಿದ ಬಟ್ಟೆ ಸಾಕು, ಸ್ಪಿರಿಟ್ ಹಚ್ಚಬೇಡಿ. ತಿಂಡಿ ತಿಂದ ಕೈಯಿಂದ ಮುಟ್ಟಬೇಡಿ ಎಂದು ಮಕ್ಕಳಿಗೆ ಹೇಳಿ. ನನ್ನದಕ್ಕೆ ಒಮ್ಮೆ ಸೂಸಲದ ಎಣ್ಣೆ ಹತ್ತಿತ್ತು.

ಹೊಂದಿಸಿದ ನೋಟ್ ಸಂಖ್ಯೆ, ಕರ್ವ್ ಎಲ್ಲವನ್ನೂ ಎಡಿಟರ್‌ನಿಂದ ಫೈಲ್ ಆಗಿ ಉಳಿಸಿ, ಜೊತೆಗೆ ಒಂದು ಚೀಟಿಯಲ್ಲೂ ಬರೆದಿಡಿ. ಮೂರ್ನಾಲ್ಕು ವರ್ಷ ದಿನವೂ ತಟ್ಟಿದ ಮೇಲೆ ಯಾವುದಾದರೊಂದು ಚೌಕ ಕಿವುಡಾಗುತ್ತದೆ, ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು. ಹದಿನಾರು ಚೌಕದ್ದು ಕೊಳ್ಳಿ ಎಂದು ನಾನು ಹೇಳಿದ್ದು ಇದಕ್ಕೇ. ನನ್ನದರಲ್ಲಿ ಹದಿಮೂರನೆಯದು ಹೋಗಿದೆ. ಅಲ್ಲಿದ್ದ 'ಗೆ'ಯನ್ನು ಒಂಬತ್ತನೆಯದಕ್ಕೆ ಕಳುಹಿಸಿದ್ದೇನೆ, ಒಂಬತ್ತರಲ್ಲಿದ್ದ ಗೆಜ್ಜೆ ಈಗ ಮೂಲೆಯಲ್ಲಿದೆ.